ಅಜ್ಜನ ಥಂಡರ್‌ಬರ್ಡ್ ಇಂಜಿನ್ನಿಗೆ ಯಾವ ಫ್ರೇಮ್? ಟ್ರೈಟನ್ ಕಟ್ಟುವ ಆಸೆ

ಮಂಜೇಶ್ವರದ ಮೊಮ್ಮಗ
ಎಲ್ಲರಿಗೂ ನಮಸ್ಕಾರ. ಅಜ್ಜನ ಟ್ರಯಂಫ್ ಥಂಡರ್‌ಬರ್ಡ್ ಬೈಕ್ ಈಗ ನನ್ನ ಕೈಗೆ ಬಂದಿದೆ. 1955ರ 6ಟಿ ಮಾದರಿ, 650 ಸಿಸಿ, ಜೋಡಿ ಸಿಲಿಂಡರ್. 1981ರಿಂದ ಅಡಿಕೆ ಚೀಲಗಳ ಹಿಂದೆ ನಿಂತೇ ಇತ್ತು. ಮನೆಯಿಂದ ಕಡಲಿಗೆ ಒಂದು ಕಿಲೋಮೀಟರೂ ಇಲ್ಲ. ಉಪ್ಪುಗಾಳಿ ಏನು ಮಾಡುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಇಂಜಿನ್ ಬಿಚ್ಚಿ ನೋಡಿದೆ. ಕ್ರ್ಯಾಂಕ್ ಚೆನ್ನಾಗಿದೆ. ಬ್ಯಾರಲ್ ಒಂದು ಸೈಜ್ ಬೋರ್ ಮಾಡಿಸಿದರೆ ಸಾಕು. ಗೇರ್‌ಬಾಕ್ಸ್ ಸಲೀಸಾಗಿ ತಿರುಗುತ್ತದೆ. ಎಸ್‌ಯು ಕಾರ್ಬ್ಯುರೇಟರ್ ಕೂಡ ಪೂರ್ತಿ ಇದೆ. ತಲೆನೋವು ಫ್ರೇಮಿನದ್ದು. ಸೀಟಿನ ಕೆಳಗೆ, ಬ್ಯಾಟರಿ ಕೂರುವ ಕಡೆ ಪೈಪು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ.

ಫ್ರೇಮ್ ಹೇಗೂ ಹೋಯಿತು, ಟ್ರೈಟನ್ ಕಟ್ಟೋಣ ಎಂದುಕೊಂಡೆ. ನಾರ್ಟನ್ ಫೆದರ್‌ಬೆಡ್ ಫ್ರೇಮು, ಟ್ರಯಂಫ್ ಇಂಜಿನ್ನು, ಉದ್ದನೆಯ ಅಲ್ಯೂಮಿನಿಯಂ ಟ್ಯಾಂಕು, ತಗ್ಗಿದ ಹ್ಯಾಂಡಲ್. ಕಾಲೇಜಿಗೆ ಹೋಗುವಾಗಿನಿಂದ ಆ ಗಾಡಿಯ ಚಿತ್ರ ನನ್ನ ಕೋಣೆಯ ಗೋಡೆ ಮೇಲಿದೆ. ಇಂಗ್ಲೆಂಡಿನಿಂದ ಹೊಸದಾಗಿ ಮಾಡಿದ ಫೆದರ್‌ಬೆಡ್ ತರಿಸಬಹುದು. ಅದೇ ಅಳತೆಗೆ ಇಲ್ಲೇ ಕಟ್ಟಿಸಬಹುದು. ಬುಲೆಟ್ ಫ್ರೇಮಿಗೆ ಇಂಜಿನ್ ಕೂರಿಸಬಹುದು. ಹಳೇ ಫ್ರೇಮನ್ನೇ ರಿಪೇರಿ ಮಾಡಿಸಲೂಬಹುದು. ಓಡಿಸುವುದು ಹೆಚ್ಚಾಗಿ ಊರಲ್ಲೇ, ಆಗಾಗ ಸುಳ್ಯ ದಾಟಿ ಮಡಿಕೇರಿ ಕಡೆ. ಮಾಡಿ ಗೊತ್ತಿದ್ದವರು ಹೇಳಿ.

ಬದಿಯಡ್ಕ ಬುಲೆಟ್
ಬುಲೆಟ್ ಫ್ರೇಮ್ ಹಾಕಿ ಮಾರಾಯ್ರೇ. ಗುಜರಿಯಲ್ಲೂ ಸಿಗುತ್ತದೆ, ಬಿಡಿಭಾಗ ಪ್ರತಿ ಪೇಟೆಯಲ್ಲಿ ಉಂಟು. ಅದೂ ಬ್ರಿಟಿಷ್ ಡಿಸೈನೇ ಅಲ್ವಾ? 1949ರಲ್ಲೇ ಹಿಂದೆ ಸ್ವಿಂಗ್ ಆರ್ಮ್, ಅಂದರೆ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳು ಇದ್ದ ಫ್ರೇಮ್ ಅದು. ಆಗ ಟ್ರಯಂಫ್‌ನವರು ಇನ್ನೂ ಚಕ್ರದ ಹಬ್ಬಿನೊಳಗೆ ಸ್ಪ್ರಿಂಗ್ ಇಟ್ಟು ಮಾರುತ್ತಿದ್ದರು.

ಹೊಸೂರು ಲೇತ್
ಬುಲೆಟ್ ಮೇಲೆ ನನಗೂ ಪ್ರೀತಿ ಇದೆ. ಆದರೆ ಈ ಕೆಲಸಕ್ಕೆ ಅದು ಬೇಡ. ಬುಲೆಟ್ ಫ್ರೇಮಿನಲ್ಲಿ ಇಂಜಿನ್ನನ್ನು ಕೆಳಗಿನಿಂದ ಹೊರುವ ಪೈಪುಗಳ ತೊಟ್ಟಿಲು ಇಲ್ಲ. ಮುಂದಿನ ಪೈಪು ಇಳಿದು ಬಂದು ಇಂಜಿನ್ ಎದುರಿಗೆ ಮುಗಿಯುತ್ತದೆ. ಅಲ್ಲಿಂದ ಹಿಂದಕ್ಕೆ ಫ್ರೇಮಿನ ಕೆಲಸ ಮಾಡುವುದು ಇಂಜಿನ್ ಕೇಸೇ. ಇಂಜಿನ್ ತೆಗೆದರೆ ಫ್ರೇಮು ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ.

ಟ್ರಯಂಫ್ ಪ್ರೀ-ಯೂನಿಟ್ ಇಂಜಿನ್ ಹಾಗಲ್ಲ. ಇಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ. ಎರಡನ್ನೂ ಪ್ಲೇಟುಗಳಲ್ಲಿ ಹಿಡಿದು ಫ್ರೇಮಿನ ತೊಟ್ಟಿಲಲ್ಲಿ ಮಲಗಿಸಬೇಕು. ಬುಲೆಟ್ ಫ್ರೇಮಿಗೆ ಕೂರಿಸಬೇಕಾದರೆ ಕೆಳಗೆ ಹೊಸ ಪೈಪು ಬೆಸೆಯಬೇಕು, ಪ್ಲೇಟು ಕತ್ತರಿಸಬೇಕು, ಚೈನಿನ ಸಾಲು ಹೊಂದಿಸಬೇಕು. ಅಷ್ಟರಲ್ಲಿ ಹೊಸ ಫ್ರೇಮೇ ಕಟ್ಟಿದ ಹಾಗಾಗುತ್ತದೆ, ಅದೂ ಗಟ್ಟಿ ಇಲ್ಲದ್ದು.

ಅಲ್ಲದೆ ಇದು ಎರಡೂ ಪಿಸ್ಟನ್ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ ಹೋಗುವ ಟ್ವಿನ್. ನಡುಕ ಜಾಸ್ತಿ. ಬೆಸುಗೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಹುಡುಕಿ ಒಡೆಯುತ್ತದೆ.

ಬದಿಯಡ್ಕ ಬುಲೆಟ್
ತೊಟ್ಟಿಲಿನ ವಿಷಯ ನನಗೆ ಹೊಳೆದಿರಲಿಲ್ಲ. ಒಪ್ಪಿದೆ.

ತಾಳವಾಡಿ ತಿರುವು
ಫೆದರ್‌ಬೆಡ್. ಬೇರೆ ಮಾತೇ ಇಲ್ಲ.

ನಮ್ಮೂರಿಂದ ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವು. ಆ ದಾರಿಯಲ್ಲಿ ನಾನು ಓಡಿಸದ ಗಾಡಿ ಕಮ್ಮಿ. ಬೆಂಗಳೂರಿನ ಗೆಳೆಯರೊಬ್ಬರು ಇದೇ ಫ್ರೇಮಿನ ನಾರ್ಟನ್ ಡಾಮಿನೇಟರ್ ತಂದಿದ್ದರು, ಅರ್ಧ ಗಂಟೆ ನನಗೆ ಕೊಟ್ಟರು. ತಿರುವಿನೊಳಗೆ ಒಮ್ಮೆ ವಾಲಿಸಿದರೆ ಆ ಗಾಡಿ ಅಲ್ಲೇ ನಿಲ್ಲುತ್ತದೆ. ನಡುವೆ ಗುಂಡಿ ಬಂದರೂ ಗೆರೆ ಬಿಡುವುದಿಲ್ಲ. ಕೈಯಲ್ಲಿ ತಿದ್ದುವ ಕೆಲಸವೇ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನ ಕಥೆ. ಈ ಫ್ರೇಮ್ ಮಾಡಿದ್ದು ಬೆಲ್‌ಫಾಸ್ಟ್‌ನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್, ತಮ್ಮನ ಜೊತೆ ಸೇರಿ. 1950ರಲ್ಲಿ ನಾರ್ಟನ್ ರೇಸ್ ಗಾಡಿಗೆ ಹಾಕಿದರು. ಅದೇ ವರ್ಷ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸಿನ ಸೀನಿಯರ್, ಜೂನಿಯರ್ ಎರಡರಲ್ಲೂ ಮೊದಲ ಮೂರು ಸ್ಥಾನ ನಾರ್ಟನ್‌ಗೆ. ಹೆರಾಲ್ಡ್ ಡೇನಿಯಲ್ ಎಂಬ ಸವಾರ ಓಡಿಸಿ ಬಂದು ಇದು ಪುಕ್ಕದ ಹಾಸಿಗೆಯ ಹಾಗಿದೆ ಎಂದರಂತೆ. ಆ ಮಾತೇ ಹೆಸರಾಯಿತು. ಎಡಗಡೆ ಒಂದು, ಬಲಗಡೆ ಒಂದು, ಎರಡು ಉದ್ದ ಪೈಪಿನ ಬಳೆಗಳು. ಹ್ಯಾಂಡಲ್ ತಲೆಯ ಹತ್ತಿರ ಒಂದನ್ನೊಂದು ದಾಟುತ್ತವೆ. ಅಷ್ಟೇ ಅದರ ಗುಟ್ಟು.

ಟ್ರೈಟನ್ ಹುಟ್ಟಿದ್ದಕ್ಕೂ ಒಂದು ಕಾರಣ ಇದೆ. 500 ಸಿಸಿ ಫಾರ್ಮುಲಾ 3 ಕಾರು ಓಡಿಸುವವರಿಗೆ ನಾರ್ಟನ್ನಿನ ರೇಸ್ ಬೈಕ್ ಮ್ಯಾಂಕ್ಸ್‌ನ ಇಂಜಿನ್ ಬೇಕಿತ್ತು. ಬರೀ ಇಂಜಿನ್ ಸಿಗುತ್ತಿರಲಿಲ್ಲ. ಇಡೀ ಬೈಕ್ ಕೊಂಡು ಇಂಜಿನ್ ಕಿತ್ತುಕೊಂಡರು. ಉಳಿದ ಫ್ರೇಮಿಗೆ ಹುಡುಗರು ಟ್ರಯಂಫ್ ಟ್ವಿನ್ ಕೂರಿಸಿದರು. ಹಗುರ ಇಂಜಿನ್ನು, ಗಟ್ಟಿ ಫ್ರೇಮು. 1965ರಲ್ಲಿ ಬಾರ್ಸಿಲೋನಾದ 24 ಗಂಟೆ ರೇಸನ್ನೇ ಡೇವ್ ಡೀಗನ್ಸ್ ತಮ್ಮ ಡ್ರೆಸ್ಡಾ ಕಂಪನಿಯ ಟ್ರೈಟನ್‌ನಲ್ಲಿ ಗೆದ್ದರು, ಜೊತೆ ಸವಾರ ರೆಕ್ಸ್ ಬುಚರ್. ಇಂಥದ್ದೊಂದು ಗಾಡಿ ಕಟ್ಟುವ ಅವಕಾಶ ಬಂದಾಗ ಬಿಡಬೇಡಿ.

ಸೊಲ್ಲಾಪುರ ಸವಾರ
ತಾಳವಾಡಿ ಅಣ್ಣಾ, ಕಥೆ ಭಾಳ ಚೆನ್ನಾಗಿದೆ. ಒಂದು ಮಾತು ಕೇಳುತ್ತೇನೆ. ಇವರ ಇಂಜಿನ್ 6ಟಿ. 34 ಎಚ್‌ಪಿ. ಟ್ರಯಂಫ್‌ನದೇ ವೇಗದ ಮಾದರಿ ಬಾನವಿಲ್‌ನ 46 ಎಚ್‌ಪಿ ಅಲ್ಲ. ಊರಲ್ಲಿ, ಮಳೆಯಲ್ಲಿ, 60-70 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿಗೆ ರೇಸ್ ಫ್ರೇಮ್ ಏಕೆ ಬೇಕು?

ತಾಳವಾಡಿ ತಿರುವು
ಒಳ್ಳೆಯ ಫ್ರೇಮಿನ ಸುಖ ವೇಗದಲ್ಲಿ ಮಾತ್ರ ಇದೆ ಎಂದು ಯಾರು ಹೇಳಿದರು? ಮಡಿಕೇರಿ ಘಟ್ಟದಲ್ಲಿ 40ರಲ್ಲಿ ಹೋದರೂ ಗೊತ್ತಾಗುತ್ತದೆ. 1955ರ ಟ್ರಯಂಫ್ ಫ್ರೇಮ್ ತಿರುವಿನಲ್ಲಿ ಬಾಲ ಆಡಿಸುತ್ತದೆ ಎಂದು ನೀವೇ ಒಮ್ಮೆ ಬರೆದಿದ್ದಿರಿ.

ಸೊಲ್ಲಾಪುರ ಸವಾರ
ಬರೆದಿದ್ದೆ, ಹೌದು. ಕಾರಣವನ್ನೂ ಬರೆದಿದ್ದೆ. ಆ ಕಾಲದ ಟ್ರಯಂಫ್‌ನಲ್ಲಿ ಸ್ವಿಂಗ್ ಆರ್ಮಿನ ಪಿನ್ನು ಸೀಟ್ ಟ್ಯೂಬಿನ ಒಂದು ಲಗ್ಗಿನಲ್ಲಿ, ಅಂದರೆ ಪೈಪು ಹಿಡಿಯುವ ಎರಕದ ತುಂಡಿನಲ್ಲಿ ನಿಂತಿದೆ. ಎರಡು ತುದಿಗೂ ಆಸರೆ ಇಲ್ಲ. 1963ರಲ್ಲಿ ಇಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿರುವ ಯೂನಿಟ್ ಇಂಜಿನ್ ಬಂದಾಗ ಆ ಜಾಗಕ್ಕೆ ಎರಡೂ ಕಡೆ ಆಸರೆ ಕೊಟ್ಟರು. ಆದರೆ ನೋಡ್ರಿ, ಬಾಲ ಆಡುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪು ಸವೆದ ಬುಷ್‌ನದ್ದು. ನನ್ನ ಗಾಡಿಗೆ ಹೊಸ ಕಂಚಿನ ಬುಷ್ ಹಾಕಿ, ಜೋಡಿಸಿದ ಮೇಲೆ ರೀಮ್ ಮಾಡಿಸಿದೆ, ಅಂದರೆ ತೂತನ್ನು ಸರಿಯಾದ ಅಳತೆಗೆ ತರಿಸಿದೆ. ಆಮೇಲೆ ಸೊಲ್ಲಾಪುರದಿಂದ ವಿಜಯಪುರಕ್ಕೆ ನೆಟ್ಟಗೆ ಹೋಗಿ ಬಂದೆ. ಒಂದು ಸಲವೂ ಹೆದರಿಸಲಿಲ್ಲ.

ಅಕ್ಕಲಕೋಟ ಯೆಜ್ಡಿ
1960ರ ಡಬಲ್ ಪೈಪಿನ ಟ್ರಯಂಫ್ ಫ್ರೇಮ್ ಸಿಕ್ಕರೆ? ಮುಂದೆ ಎರಡು ಪೈಪು ಇದೆಯಲ್ಲ, ಅದು ಗಟ್ಟಿ ಇರಬೇಕು.

ಹೊಸೂರು ಲೇತ್
ನೋಡಲು ಹಾಗೆ ಕಾಣುತ್ತದೆ. ಆದರೆ ಮೊದಲ ವರ್ಷದ ಆ ಫ್ರೇಮುಗಳು ತಲೆಯ ಹತ್ತಿರ ಮುರಿದವು. ಟ್ಯಾಂಕಿನ ಕೆಳಗೆ ಇನ್ನೊಂದು ಪೈಪು ಸೇರಿಸಿ ಸರಿ ಮಾಡಿದರು. ನಡುಕವೂ ಜಾಸ್ತಿ ಎಂಬ ದೂರಿತ್ತು. 1963ಕ್ಕೆ ಕಂಪನಿಯೇ ಮತ್ತೆ ಒಂದೇ ಪೈಪಿಗೆ ಮರಳಿತು. ಎರಡು ಪೈಪು ಎಂದ ಕೂಡಲೇ ಗಟ್ಟಿ ಎಂದುಕೊಳ್ಳಬಾರದು. ತಲೆಯ ಹತ್ತಿರ ತ್ರಿಕೋನ ಹೇಗೆ ಕಟ್ಟಿದ್ದಾರೆ ಎಂದು ನೋಡಬೇಕು.

ಆದೋನಿ ಅಂಗಡಿ
1971ರ ಆಯಿಲ್-ಇನ್-ಫ್ರೇಮ್ ಹೇಗೆ? ದಪ್ಪ ಪೈಪಿನೊಳಗೇ ಎಣ್ಣೆ ಇರುವುದು. ಬೇರೆ ಟ್ಯಾಂಕೇ ಬೇಡ.

ಹೊಸೂರು ಲೇತ್
ಅದು ಯೂನಿಟ್ ಇಂಜಿನ್ನಿಗೆ ಮಾಡಿದ್ದು. ಪ್ರೀ-ಯೂನಿಟ್ ಕೂರಿಸಲು ಎಲ್ಲ ಹಿಡಿಕೆಯನ್ನೂ ಬದಲಿಸಬೇಕು. ನಾರ್ಟನ್ ಕಮಾಂಡೋ ಫ್ರೇಮ್ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಅದರಲ್ಲಿ ಇಂಜಿನ್, ಗೇರ್‌ಬಾಕ್ಸ್, ಸ್ವಿಂಗ್ ಆರ್ಮ್ ಮೂರೂ ಒಂದೇ ಗಂಟಾಗಿ ರಬ್ಬರಿನ ಮೇಲೆ ತೂಗುತ್ತವೆ. ನಾರ್ಟನ್ ಇಂಜಿನ್ನಿಗೆ ಅದು ಅದ್ಭುತ. ಟ್ರಯಂಫ್‌ಗೆ ಅಲ್ಲ.

ಕೊಲ್ಲಾಪುರ ಎರಕ
ಇಲ್ಲೇ ಕಟ್ಟಿಸುವ ಯೋಚನೆ ಇದ್ದವರು ನನ್ನ ಅನುಭವ ಓದಿ.

ನಮ್ಮದು ಫೌಂಡ್ರಿ ಕೆಲಸ. ಲೋಹ ಗೊತ್ತು ಎಂಬ ಧೈರ್ಯ ನನಗಿತ್ತು. ಇನ್ನೊಂದು ಬ್ರಿಟಿಷ್ ಕಂಪನಿ ಬಿಎಸ್‌ಎಯ ಎ10 ಇಂಜಿನ್ ಇತ್ತು, ಫ್ರೇಮ್ ಇರಲಿಲ್ಲ. ದೊಡ್ಡ ಊರಿನ ಒಂದು ವರ್ಕ್‌ಶಾಪಿನವರು ಫೆದರ್‌ಬೆಡ್ ತರಹದ್ದು ಕಟ್ಟಿಕೊಡುತ್ತೇವೆ ಎಂದರು. ಫೋಟೋ ಚೆನ್ನಾಗಿತ್ತು, ಪೌಡರ್ ಕೋಟಿಂಗ್ ಥಳಥಳ ಹೊಳೆಯುತ್ತಿತ್ತು. ಒಂಬೈನೂರು ಕಿಲೋಮೀಟರ್ ಓಡಿದ ಮೇಲೆ ನಿಪ್ಪಾಣಿಯ ಹತ್ತಿರ ಗಾಡಿ ಎಡಕ್ಕೆ ಎಳೆಯಲು ಶುರು ಮಾಡಿತು. ನಿಲ್ಲಿಸಿ ಟ್ಯಾಂಕ್ ತೆಗೆದೆ. ಹ್ಯಾಂಡಲ್ ತಲೆಯ ಕೆಳಗೆ ಬೆಸುಗೆಯ ಅಂಚಿನಲ್ಲೇ ಪೈಪು ಅರ್ಧ ಸುತ್ತು ಬಿರಿದಿತ್ತು. ಇನ್ನೊಂದು ಹತ್ತು ಕಿಲೋಮೀಟರ್ ಹೋಗಿದ್ದರೆ ಈ ಮಾತು ಬರೆಯಲು ನಾನು ಇರುತ್ತಿರಲಿಲ್ಲವೇನೋ.

ಪೈಪು ಕತ್ತರಿಸಿ ನೋಡಿದೆವು. ಕಿಟಕಿ ಗ್ರಿಲ್ಲಿಗೆ ಬಳಸುವ, ತಗಡು ಸುತ್ತಿ ಬೆಸೆದ ಸಾದಾ ಇಆರ್‌ಡಬ್ಲ್ಯು ಪೈಪು. ಉದ್ದಕ್ಕೂ ಸೀಮ್ ಇತ್ತು. ಬಗ್ಗಿಸುವಾಗ ಒಂದು ಕಡೆ ಚಪ್ಪಟೆಯಾಗಿ ಗೋಡೆ ತೆಳ್ಳಗಾಗಿತ್ತು. ಬೆಸುಗೆ ಮೇಲ್ಮೈಯಲ್ಲಿ ಕೂತಿತ್ತು, ಒಳಗೆ ಇಳಿದಿರಲಿಲ್ಲ. ಪೈಪುಗಳನ್ನು ಅಳತೆಗೆ ಹಿಡಿದಿಡುವ ಜಿಗ್ ಇಲ್ಲದೆ ನೆಲದ ಮೇಲೆ ಇಟ್ಟು ಬೆಸೆದದ್ದು. ಎಡ ಪೈಪು ಬಲ ಪೈಪಿಗಿಂತ 7 ಮಿ.ಮೀ. ಉದ್ದ.

ಇಂಜಿನ್ನಿನ ತಲೆಯನ್ನು ಫ್ರೇಮಿಗೆ ಕಟ್ಟುವ ಹೆಡ್ ಸ್ಟೆಡಿಯನ್ನೂ ಅವರು ಹಾಕಿರಲಿಲ್ಲ. ಫೆದರ್‌ಬೆಡ್‌ನಲ್ಲಿ ಅದು ಅಲಂಕಾರ ಅಲ್ಲ. ಅದಿಲ್ಲದಿದ್ದರೆ ಇಡೀ ನಡುಕ ಮುಂದಿನ ಪೈಪುಗಳ ಮೇಲೆ ಬೀಳುತ್ತದೆ. ನನಗೆ ಆಗ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಹಾಗಾಗಿ ಈಗ ಎಲ್ಲರಿಗೂ ಹೇಳುತ್ತೇನೆ.

ಉಪ್ಪಳ ವೆಲ್ಡರ್
ಓದಿ ಮೈ ಜುಮ್ಮೆಂದಿತು. ಕಟ್ಟಿಸುವವರು ಸೀಮ್ ಇಲ್ಲದ ಪೈಪನ್ನೇ ಕೇಳಿ. ಬೆಸೆಯುವ ಮೊದಲು ಜಿಗ್ ಎಲ್ಲಿದೆ ತೋರಿಸಿ ಎನ್ನಿ. ತೋರಿಸದಿದ್ದರೆ ಎದ್ದು ಬನ್ನಿ.

ಅಕ್ಕಲಕೋಟ ಯೆಜ್ಡಿ
ಒರಿಜಿನಲ್ ಫೆದರ್‌ಬೆಡ್ ಎಲ್ಲವೂ ರೆನಾಲ್ಡ್ಸ್ 531 ಎಂಬ ಹಗುರ, ಗಟ್ಟಿ ಉಕ್ಕಿನ ಪೈಪು ಅಲ್ವಾ? ಆ ಪೈಪು ನಮ್ಮಲ್ಲಿ ಎಲ್ಲಿ ಸಿಗಬೇಕು?

ತಾಳವಾಡಿ ತಿರುವು
ಎಲ್ಲವೂ ಅಲ್ಲ. ಮ್ಯಾಂಕ್ಸ್ ರೇಸ್ ಫ್ರೇಮ್ 531, ಕಂಚಿನ ಬೆಸುಗೆ. ರಸ್ತೆಯ ಡಾಮಿನೇಟರ್ ಫ್ರೇಮ್ ಸಾದಾ ಮೈಲ್ಡ್ ಸ್ಟೀಲ್. ಅದೂ ದಶಕಗಟ್ಟಲೆ ಬಾಳಿದೆ. ಪೈಪಿನ ಹೆಸರಿಗಿಂತ ಕಟ್ಟಿದವರ ಕೈ ಮುಖ್ಯ.

ಬದಿಯಡ್ಕ ಬುಲೆಟ್
ವೈಡ್‌ಲೈನ್, ಸ್ಲಿಮ್‌ಲೈನ್ ಎಂದರೆ ಎಂತ? ಎರಡರಲ್ಲಿ ಯಾವುದು ಒಳ್ಳೆಯದು?

ತಾಳವಾಡಿ ತಿರುವು
1959ರವರೆಗಿನದ್ದು ವೈಡ್‌ಲೈನ್. ಮೇಲಿನ ಎರಡು ಪೈಪು ಅಗಲವಾಗಿ ಹೋಗುತ್ತವೆ. ತೊಡೆ ಅಗಲಿಸಿ ಕೂರಬೇಕು. 1960ರಿಂದ ಟ್ಯಾಂಕಿನ ಹಿಂಭಾಗದಲ್ಲಿ ಆ ಪೈಪುಗಳನ್ನು ಒಳಕ್ಕೆ ಬಗ್ಗಿಸಿದರು, ಅದು ಸ್ಲಿಮ್‌ಲೈನ್. ಟ್ರೈಟನ್ ಚಂದ ಕಾಣುವುದು ವೈಡ್‌ಲೈನ್‌ನಲ್ಲಿ. ಎತ್ತರ ಕಮ್ಮಿ ಇದ್ದವರಿಗೆ ಸ್ಲಿಮ್‌ಲೈನ್ ಸುಖ.

ಸೊಲ್ಲಾಪುರ ಸವಾರ
ಬಿಎಸ್‌ಎ ಎ10 ಫ್ರೇಮಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ. 1954ರಿಂದ ಬಂದದ್ದು ಪೂರ್ತಿ ಬೆಸೆದ ಡಬಲ್ ತೊಟ್ಟಿಲು. ಟ್ರಯಂಫ್ ಇಂಜಿನ್ ಹಾಕಿದರೆ ಟ್ರಿಬ್ಸಾ ಎನ್ನುತ್ತಾರೆ. ಕೆಸರಿನ ಸ್ಕ್ರ್ಯಾಂಬಲ್ ರೇಸಿನವರು ಆ ಜೋಡಿಯನ್ನು ತುಂಬ ಮೆಚ್ಚಿಕೊಂಡಿದ್ದರು. ನಮ್ಮ ದೇಶದಲ್ಲಿ ಫೆದರ್‌ಬೆಡ್‌ಗಿಂತ ಬಿಎಸ್‌ಎ ಸಿಗುವ ಸಾಧ್ಯತೆ ಹೆಚ್ಚು.

ಆದೋನಿ ಅಂಗಡಿ
ಎಲ್ಲರೂ ಪೈಪಿನ ಮಾತೇ ಆಡುತ್ತಿದ್ದೀರಿ. ಕಾಗದದ ಮಾತು ಯಾರೂ ಆಡಲಿಲ್ಲ. ಮಂಜೇಶ್ವರದವರೇ, ನಿಮ್ಮ ಆರ್‌ಸಿ ಇದೆಯಾ? ಅದರಲ್ಲಿ ಫ್ರೇಮ್ ನಂಬರ್ ಇದೆಯಾ? ಆ ನಂಬರು ಗಾಡಿಯ ಮೇಲೆ ಓದಲು ಬರುತ್ತದಾ?

ಇಂಗ್ಲೆಂಡಿನಲ್ಲಿ ಬೇರೆ ನಿಯಮ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಹೇಳಿದ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಇಂಜಿನ್ ಹಾಳಾದರೆ ಅದೇ ಮಾದರಿಯ ಇನ್ನೊಂದು ಹಾಕಿಸಿ, ಅನುಮತಿ ಪಡೆದು ಬರೆಸಿಕೊಳ್ಳಬಹುದು. ಫ್ರೇಮ್ ಹಾಗಲ್ಲ. ಸರ್ಕಾರದ ಕಣ್ಣಲ್ಲಿ ಗಾಡಿ ಎಂದರೆ ಚಾಸಿ ನಂಬರು, ಅಂದರೆ ಫ್ರೇಮ್ ನಂಬರು. ಫ್ರೇಮ್ ಬದಲಿಸಿದರೆ ಅಜ್ಜನ ಗಾಡಿ ಇಲ್ಲ. ಅಜ್ಜನ ಇಂಜಿನ್ ಇರುವ, ಕಾಗದ ಇಲ್ಲದ ಬೇರೊಂದು ಗಾಡಿ ಮಾತ್ರ.

2021ರ ಜುಲೈಯಲ್ಲಿ ವಿಂಟೇಜ್ ನಿಯಮ ಬಂತು. 50 ವರ್ಷ ದಾಟಿದ ಗಾಡಿಗೆ ಬೇರೆ ನೋಂದಣಿ. ಹೊಸದಾಗಿ ಮಾಡಿಸುವವರಿಗೆ ವಿಎ ಸರಣಿಯ ನಂಬರು, 20,000 ರೂಪಾಯಿ ಶುಲ್ಕ, 10 ವರ್ಷ ಅವಧಿ. ಆಗಲೇ ನಂಬರ್ ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿಯನ್ನೋ ಇಂಜಿನ್ನನ್ನೋ ಮಾರ್ಪಾಡು ಮಾಡಿದ್ದರೆ ಅದು ವಿಂಟೇಜ್ ಅಲ್ಲ. ಅಂದರೆ ಟ್ರೈಟನ್ ಎಷ್ಟೇ ಹಳೆಯದಾದರೂ ಆ ಬಾಗಿಲು ಮುಚ್ಚಿದೆ. ಇನ್ನೊಂದು ವಿಷಯ, ವಿಂಟೇಜ್ ಎಂದು ಮಾಡಿಸಿದ ಗಾಡಿಯನ್ನು ದಿನಾ ಪೇಟೆಗೆ ಓಡಿಸುವಂತಿಲ್ಲ. ರ್‍ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್, ಇಷ್ಟಕ್ಕೆ ಮಾತ್ರ.

ತಾಳವಾಡಿ ತಿರುವು
ಕಾಯ್ದೆಗೆ ಹೆದರಿ ಕೂತರೆ ಯಾರೂ ಏನೂ ಕಟ್ಟುವಂತಿಲ್ಲ.

ಆದೋನಿ ಅಂಗಡಿ
ಹೆದರುವ ಮಾತಲ್ಲ. ಒಂದು ಅಪಘಾತ ಆಯಿತು ಎಂದುಕೊಳ್ಳಿ. ಇನ್ಶೂರೆನ್ಸಿನವರು ಮೊದಲು ನೋಡುವುದು ಚಾಸಿ ನಂಬರು. ಎದುರಿಗೆ ಬಂದ ಬಡಪಾಯಿಗೆ ಪರಿಹಾರ ಯಾರು ಕೊಡುತ್ತಾರೆ? ಅದನ್ನು ಯೋಚನೆ ಮಾಡಿ.

ತಾಳವಾಡಿ ತಿರುವು
ಆ ದಿಕ್ಕಿನಿಂದ ನಾನು ನೋಡಿರಲಿಲ್ಲ. ಮಾತು ಹಿಂದಕ್ಕೆ ತೆಗೆದುಕೊಂಡೆ.

ಮಂಜೇಶ್ವರದ ಮೊಮ್ಮಗ
ಎಲ್ಲರ ಮಾತೂ ಓದಿದೆ. ಆದೋನಿಯವರು ಕೇಳಿದ ಮೇಲೆ ಅಟ್ಟ ಹತ್ತಿ ಅಜ್ಜನ ಪೆಟ್ಟಿಗೆ ತೆಗೆದೆ. ಆರ್‌ಸಿ ಪುಸ್ತಕ ಸಿಕ್ಕಿತು. ಒಂದು ಮೂಲೆ ಗೆದ್ದಲು ತಿಂದಿದೆ, ಉಳಿದದ್ದು ಓದಬಹುದು. 1955ರಲ್ಲಿ ಮಂಗಳೂರಿನಲ್ಲಿ ನೋಂದಣಿ. ಮೇಲೆ ಮದ್ರಾಸ್ ರಾಜ್ಯ ಎಂದಿದೆ. ಆಗ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಮುಂದಿನ ಪುಟದಿಂದ ಕೇರಳದ ಸೀಲು. ಅಜ್ಜ ಮನೆ ಬದಲಿಸಲಿಲ್ಲ, ಗಾಡಿ ಬದಲಿಸಲಿಲ್ಲ. ರಾಜ್ಯ ಬದಲಾಯಿತು. ಎರಡೂ ಸೀಲು ಒಂದೇ ಪುಸ್ತಕದಲ್ಲಿ ನೋಡಿ ತುಂಬ ಹೊತ್ತು ಅಲ್ಲೇ ಕೂತೆ.

ಇಂಜಿನ್ ನಂಬರು, ಫ್ರೇಮ್ ನಂಬರು ಎರಡೂ ಪುಸ್ತಕದಲ್ಲಿವೆ. ಎರಡೂ ಒಂದೇ ಸಂಖ್ಯೆ. ಇಂಜಿನ್ ಮೇಲೆ ಅದೇ ಇದೆ. ಫ್ರೇಮಿನ ಮೇಲೆ ಮೂರು ಪದರ ಬಣ್ಣ, ಕೆಳಗೆ ತುಕ್ಕು. ಇನ್ನೂ ಕಾಣಿಸಿಲ್ಲ.

ಆದೋನಿ ಅಂಗಡಿ
ನಮ್ಮ ತಂದೆಯ ಕಾಗದಗಳೂ ಹಾಗೇ. ಆದೋನಿ, ಆಲೂರು, ರಾಯದುರ್ಗ ಮೂರೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರಿನಲ್ಲಿ ನಾವು ಆಂಧ್ರಕ್ಕೆ, ಬಳ್ಳಾರಿ ಮೈಸೂರಿಗೆ. ಆ ಪುಸ್ತಕವನ್ನು ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ. ಹಾಳೆ ಹಾಳೆಯಾಗಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ.

ಅಕ್ಕಲಕೋಟ ಯೆಜ್ಡಿ
ನಾವು ಮೊದಲು ಮುಂಬಯಿ ರಾಜ್ಯ, 1960ರಿಂದ ಮಹಾರಾಷ್ಟ್ರ. ಮನೆಯಲ್ಲಿ ಮಾತ್ರ ಅಂದೂ ಇಂದೂ ಕನ್ನಡ. ಎಲ್ಲರ ಅಟ್ಟದಲ್ಲೂ ಇಂಥದ್ದೊಂದು ಪೆಟ್ಟಿಗೆ ಇದೆ ನೋಡ್ರಿ.

ಬದಿಯಡ್ಕ ಬುಲೆಟ್
ಯೆಜ್ಡಿಯವರೇ, ನಿಮ್ಮದು ಮೈಸೂರಿನದ್ದಾ ಅಥವಾ ಈಗಿನ ಹೊಸ ಯೆಜ್ಡಿಯಾ?

ಅಕ್ಕಲಕೋಟ ಯೆಜ್ಡಿ
ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದ್ದೇ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ನನ್ನ ರೋಡ್‌ಕಿಂಗ್ ಇವತ್ತೂ ಒಂದೇ ಕಿಕ್ಕಿಗೆ ಶುರುವಾಗುತ್ತದೆ. ಅದರ ಬಗ್ಗೆ ಬೇರೆ ಚರ್ಚೆ ಶುರು ಮಾಡೋಣ, ಇಲ್ಲಿ ಬೇಡ.

ಕೊಲ್ಲಾಪುರ ಎರಕ
ಕೆಲವು ಬ್ರಿಟಿಷ್ ಹೆಸರುಗಳು ಈಗ ನಮ್ಮ ದೇಶಕ್ಕೇ ಬಂದಿವೆಯಲ್ಲ. ಫೆದರ್‌ಬೆಡ್ ಮಾಡಿದ ನಾರ್ಟನ್ ಹೆಸರು ಈಗ ಟಿವಿಎಸ್‌ನದ್ದು. 2020ರ ಏಪ್ರಿಲ್‌ನಲ್ಲಿ 1.6 ಕೋಟಿ ಪೌಂಡಿಗೆ ಕೊಂಡರು.

ಹೊಸೂರು ಲೇತ್
ಹೌದು, ನಮ್ಮೂರಿನ ಟಿವಿಎಸ್. ಸುದ್ದಿ ಬಂದ ದಿನ ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ.

ಬದಿಯಡ್ಕ ಬುಲೆಟ್
ಕೊನೆಯದಾಗಿ ಒಂದು ಸಲಹೆ. ರಾಯಲ್ ಎನ್‌ಫೀಲ್ಡ್‌ನ ಹೊಸ ಇಂಟರ್‌ಸೆಪ್ಟರ್ 650 ಕೊಂಡು ಟ್ರೈಟನ್‌ನಂಥ ಕೆಫೆ ರೇಸರ್ ಥರ ಟ್ಯಾಂಕು, ಸೀಟು ಹಾಕಿದರೆ? ಅದರ ಫ್ರೇಮಿನ ಹಿಂದೆ ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್‌ನವರ ಕೆಲಸ ಉಂಟು. ರೇಸ್ ಫ್ರೇಮ್ ಕಟ್ಟಿ ಹೆಸರಾದವರು ಅವರು. 2015ರಲ್ಲಿ ರಾಯಲ್ ಎನ್‌ಫೀಲ್ಡ್ ಆ ಕಂಪನಿಯನ್ನೇ ಕೊಂಡಿತು.

ಮಂಜೇಶ್ವರದ ಮೊಮ್ಮಗ
ಒಳ್ಳೆಯ ಗಾಡಿ, ಓಡಿಸಿದ್ದೇನೆ. ಆದರೆ ಅದರಲ್ಲಿ ಅಜ್ಜನ ಇಂಜಿನ್ ಇಲ್ಲವಲ್ಲ.

ಹೊಸೂರು ಲೇತ್
ಮಂಜೇಶ್ವರದವರೇ, ನಿಮ್ಮ ಮೊದಲ ಬರಹ ಮತ್ತೊಮ್ಮೆ ಓದಿದೆ. ಪುಡಿಯಾಗುತ್ತಿರುವುದು ಸೀಟಿನ ಕೆಳಗೆ, ಬ್ಯಾಟರಿಯ ಹತ್ತಿರ ಎಂದಿದ್ದೀರಿ. ಅದು ಉಪ್ಪುಗಾಳಿಯ ಕೆಲಸ ಮಾತ್ರ ಅಲ್ಲ. ಬ್ಯಾಟರಿ ಆಸಿಡ್ ಸೋರಿ ತಿಂದದ್ದು.

ನಿಮ್ಮ ಟ್ರಯಂಫ್ ಫ್ರೇಮ್ ಒಂದೇ ತುಂಡಲ್ಲ. ಎರಡು ಭಾಗ. ಹ್ಯಾಂಡಲ್ ತಲೆ, ಮೇಲಿನ ಪೈಪು, ಮುಂದಿನ ಪೈಪು, ಸೀಟ್ ಟ್ಯೂಬ್ ಇವೆಲ್ಲ ಸೇರಿ ಮುಂದಿನ ಫ್ರೇಮ್. ಎರಕದ ಲಗ್ಗುಗಳಿಗೆ ಪೈಪು ತೂರಿಸಿ ಬ್ರೇಜ್ ಮಾಡಿದ್ದು, ಅಂದರೆ ಹಿತ್ತಾಳೆಯಂಥ ಲೋಹ ಕರಗಿಸಿ ಬೆಸೆದದ್ದು. ಸೀಟು, ಮಡ್‌ಗಾರ್ಡು, ಶಾಕ್ ಅಬ್ಸಾರ್ಬರ್ ಹೊರುವ ಹಿಂದಿನ ಫ್ರೇಮ್ ಬೇರೆ. ಅದನ್ನು ಬೋಲ್ಟ್ ಹಾಕಿ ಜೋಡಿಸಿದ್ದಾರೆ. ನಂಬರ್ ಇರುವುದು ಮುಂದಿನದರಲ್ಲಿ, ತಲೆಯ ಎಡಬದಿಯಲ್ಲಿ. ಹಿಂದಿನದು ಪೂರ್ತಿ ಹಾಳಾಗಿದ್ದರೂ ಬಿಚ್ಚಿ ಇನ್ನೊಂದು ಹಾಕಬಹುದು. ನಂಬರ್ ಅಲ್ಲಾಡುವುದಿಲ್ಲ, ರೂಪವೂ ಬದಲಾಗುವುದಿಲ್ಲ.

ಹಾಗಾಗಿ ಮೊದಲು ಮುಂದಿನ ಭಾಗ ಗಟ್ಟಿ ಇದೆಯಾ ನೋಡಿ. ಸ್ಯಾಂಡ್ ಬ್ಲಾಸ್ಟ್ ಮಾಡಿಸಬೇಡಿ, ನಂಬರಿನ ಅಂಚು ಮಾಸಿದರೆ ಕಥೆ ಮುಗಿಯಿತು. ಪೇಂಟ್ ರಿಮೂವರ್ ಹಚ್ಚಿ ಮೆತ್ತಗೆ ಕೆರೆಯಿರಿ. ಚಿಕ್ಕ ಸುತ್ತಿಗೆಯಲ್ಲಿ ಪೈಪಿನ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಂಟೆಯ ಹಾಗೆ ಕೇಳಿಸಿದರೆ ಒಳ್ಳೆಯದು. ದಬದಬ ಎಂದರೆ ಒಳಗೆ ತುಕ್ಕು. ಆಮೇಲೆ ಎಲ್ಲ ಲಗ್ಗಿಗೂ ಡೈ ಪೆನಿಟ್ರಂಟ್ ಪರೀಕ್ಷೆ. ಕೆಂಪು ಸ್ಪ್ರೇ ಹೊಡೆದು ಕಾಲು ಗಂಟೆ ಬಿಡಿ, ಪೂರ್ತಿ ಒರೆಸಿ, ಬಿಳಿ ಡೆವಲಪರ್ ಹೊಡೆಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ತಾನಾಗಿ ಮೂಡುತ್ತದೆ. ತಲೆಯ ಲಗ್ಗು, ಸ್ವಿಂಗ್ ಆರ್ಮ್ ಲಗ್ಗು, ಇಂಜಿನ್ ಹಿಡಿಕೆಗಳು, ಈ ಮೂರು ಕಡೆ ಎರಡೆರಡು ಸಲ ಮಾಡಿ.

ಉಪ್ಪಳ ವೆಲ್ಡರ್
ನಾನು ಹತ್ತಿರವೇ ಇದ್ದೇನೆ. ಸ್ಪ್ರೇ ನನ್ನಲ್ಲುಂಟು. ಭಾನುವಾರ ಬರುತ್ತೇನೆ.

ಕೊಲ್ಲಾಪುರ ಎರಕ
ಭೇಷ್. ಬಿರುಕು ಸಿಕ್ಕರೆ ಅಲ್ಲೇ ಆರ್ಕ್ ವೆಲ್ಡಿಂಗ್ ಮಾಡಬೇಡಿ. ಎರಕದ ಲಗ್ಗಿಗೆ ಅಷ್ಟು ಬಿಸಿ ಒಂದೇ ಸಲ ಕೊಟ್ಟರೆ ಪಕ್ಕದಲ್ಲಿ ಹೊಸ ಬಿರುಕು ಬರುತ್ತದೆ.

ಮಂಜೇಶ್ವರದ ಮೊಮ್ಮಗ
ಭಾನುವಾರದ ವರದಿ. ಉಪ್ಪಳದವರು ಬೆಳಿಗ್ಗೆ ಎಂಟಕ್ಕೆ ಬಂದರು, ಸಂಜೆ ದೀಪ ಹಚ್ಚುವವರೆಗೆ ಇದ್ದರು. ಅಮ್ಮ ಪತ್ರೊಡೆ ಮಾಡಿದ್ದರು.

ಹಿಂದಿನ ಫ್ರೇಮ್ ಬೋಲ್ಟ್ ಬಿಚ್ಚುವಾಗಲೇ ಎರಡು ತುಂಡಾಯಿತು. ಹೊಸೂರಿನವರು ಹೇಳಿದ ಹಾಗೆಯೇ ಅದು ಬೇರೆ ಭಾಗ. ನಾನು ಇಷ್ಟು ದಿನ ಇಡೀ ಫ್ರೇಮ್ ಹೋಯಿತು ಎಂದುಕೊಂಡಿದ್ದೆ. ಮುಂದಿನ ಫ್ರೇಮ್ ತಟ್ಟಿ ನೋಡಿದೆವು. ಮೇಲಿಂದ ಕೆಳಗಿನವರೆಗೆ ಗಂಟೆಯ ಸದ್ದೇ. ಸ್ಪ್ರೇ ಪರೀಕ್ಷೆಯಲ್ಲಿ ತಲೆ, ಸ್ವಿಂಗ್ ಆರ್ಮ್ ಎರಡೂ ಶುದ್ಧ. ಟ್ಯಾಂಕ್ ಕೂರಿಸುವ ಒಂದು ಕಿವಿಯಲ್ಲಿ ಮಾತ್ರ ಸಣ್ಣ ಕೆಂಪು ಗೆರೆ ಬಂತು. ಅದನ್ನು ಕಂಚಿನಲ್ಲಿ ಬ್ರೇಜ್ ಮಾಡಬಹುದು ಎಂದು ಉಪ್ಪಳದವರು ಹೇಳಿದ್ದಾರೆ.

ಕೊನೆಗೆ ಎಡಬದಿಯ ಬಣ್ಣ ಕೆರೆದೆವು. ಕಪ್ಪು, ಅದರ ಕೆಳಗೆ ಹಸಿರು, ಅದರ ಕೆಳಗೆ ಕಂಪನಿಯ ನೀಲಿ. ಆಮೇಲೆ ಅಂಕಿಗಳು ಒಂದೊಂದಾಗಿ ಕಂಡವು. ಅಮ್ಮ ಆರ್‌ಸಿ ಪುಸ್ತಕ ಹಿಡಿದು ಜೋರಾಗಿ ಓದಿದರು, ನಾನು ಫ್ರೇಮಿನ ಮೇಲೆ ಬೆರಳಿಟ್ಟು ನೋಡಿದೆ. ಎಲ್ಲ ಅಂಕಿಯೂ ಸರಿ ಬಂತು.

ಹಾಗಾಗಿ ಟ್ರೈಟನ್ ಇಲ್ಲ. ಈ ಇಂಜಿನ್ ಈ ಫ್ರೇಮಿಗೇ ಹೋಗುತ್ತದೆ. ಬಣ್ಣವೂ ನೀಲಿಯೇ. ಈಗ ಬೇಕಾಗಿರುವುದು 1955ರ ಸ್ವಿಂಗ್ ಆರ್ಮ್ ಮಾದರಿಯ ಹಿಂದಿನ ಫ್ರೇಮ್. ಯಾರ ಹತ್ತಿರವಾದರೂ ಇದ್ದರೆ ಹೇಳಿ.

ತಾಳವಾಡಿ ತಿರುವು
ನನಗೆ ಇನ್ನೂ ಸ್ವಲ್ಪ ಬೇಸರ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ನಂಬರ್ ಸರಿ ಬಂತು ಎಂದು ಓದಿದಾಗ ನನಗೂ ಖುಷಿಯಾಯಿತು. ಗೋಡೆಯ ಚಿತ್ರ ತೆಗೆಯಬೇಡಿ. ಎಂದಾದರೂ ಕಾಗದ ಇಲ್ಲದ ಒಂಟಿ ಟ್ರಯಂಫ್ ಇಂಜಿನ್ ಸಿಕ್ಕರೆ ರೇಸ್ ಟ್ರ್ಯಾಕಿಗೆ ಮಾತ್ರ ಎಂದು ಫೆದರ್‌ಬೆಡ್ ಕಟ್ಟಿ. ಆಗ ನಾನು ಬಂದು ಕೂತು ಕೆಲಸ ಮಾಡುತ್ತೇನೆ.

ಹೊಸೂರು ಲೇತ್
ಪೈಪಿನೊಳಗೆ ಅಗಸೆ ಎಣ್ಣೆ ಸುರಿದು, ತಿರುಗಿಸಿ, ಸೋರಲು ಬಿಡಿ. ಕಡಲ ಪಕ್ಕದ ಮನೆಗೆ ಅದು ಬೇಕೇ ಬೇಕು. ಪೌಡರ್ ಕೋಟಿಂಗ್ ಬೇಡ, ಬಣ್ಣವೇ ಇರಲಿ. ದಪ್ಪ ಪೌಡರ್ ಕೆಳಗೆ ಬಿರುಕು ಬಂದರೂ ಕಾಣುವುದಿಲ್ಲ. ಸ್ವಿಂಗ್ ಆರ್ಮ್ ಬುಷ್ ಬದಲಿಸದೆ ಜೋಡಿಸಬೇಡಿ.

ಸೊಲ್ಲಾಪುರ ಸವಾರ
ಹಿಂದಿನ ಫ್ರೇಮ್ ನನ್ನ ಹತ್ತಿರ ಒಂದಿದೆ. ಟ್ರಯಂಫ್‌ನದೇ ಟಿ110 ಗಾಡಿ ಬಿಚ್ಚಿದಾಗ ಉಳಿದದ್ದು, ಎಂಟು ವರ್ಷದಿಂದ ಗೂಟಕ್ಕೆ ತೂಗಿದೆ. ನಮ್ಮದು ಒಣ ಊರು, ತುಕ್ಕು ಇಲ್ಲ. ಬಲಗಡೆಯ ಶಾಕ್ ಅಬ್ಸಾರ್ಬರ್ ಕಿವಿ ಸ್ವಲ್ಪ ಬಗ್ಗಿದೆ, ಹೊಸೂರಿನವರು ನೆಟ್ಟಗೆ ಮಾಡಿಯಾರು. ದುಡ್ಡಿನ ಮಾತು ಆಮೇಲೆ. ಕಳಿಸುವ ಮೊದಲು ನಿಮ್ಮ ಮುಂದಿನ ಫ್ರೇಮಿನ ಮೇಲಿನ ಬೋಲ್ಟ್ ತೂತಿನಿಂದ ಕೆಳಗಿನ ತೂತಿಗೆ ನಡುವಿನ ಅಳತೆ ಮಿ.ಮೀ. ಲೆಕ್ಕದಲ್ಲಿ ಬರೆಯಿರಿ. ಎರಡೂ ಕಡೆ ಬೇರೆ ಬೇರೆ ಅಳೆಯಿರಿ.

ಮಂಜೇಶ್ವರದ ಮೊಮ್ಮಗ
ಈಗಲೇ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋಗುತ್ತಿದ್ದೇನೆ. ಹತ್ತು ನಿಮಿಷ ಕೊಡಿ.